ಹಿಂದೆ ಏನು ಕೆಲಸ ಮಾಡಿಕೊಂಡಿದ್ದ?

(ಶಾಂತಿಗ್ರಾಮದಲ್ಲಿ ನಡೆದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಂದಿದ್ದ ಗೆಳೆಯರು ಬರೆದುಕೊಂಡ ಟಿಪ್ಪಣಿಯಿಂದ ಸಿದ್ಧಪಡಿಸಿದ್ದು.)



ಈ ಸಭೆಗೆ ಹಾಸನದಿಂದ ಬಸ್ಸಿನಲ್ಲಿ ಬರುವಾಗ ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಯಜಮಾನರು ಕೂತಿದ್ದರು. ಎಲೆಕ್ಷನ್ ಮಾತು ನಡೀತಿತ್ತು. ಒಂದು ಹೆಸರು ಬಂತು. "ಅವರು ಲಾಯರ್ರು ಕಣಯ್ಯ, ಕಾನೂನು ಗೊತ್ತು" ಅಂದರು ಒಬ್ಬರು. ಇನ್ನೊಂದು ಹೆಸರು ಬಂತು. "ಅವರು ಕಂಟ್ರಾಕ್ಟ್ರು, ಕೆಲಸ ತೆಗೆಯೋದು ಗೊತ್ತು" ಅಂದರು ಇನ್ನೊಬ್ಬರು. ಆಮೇಲೆ ಮಾತು ಅವರೂರಿನ ಪಂಚಾಯ್ತಿಗೆ ಇಳಿಯಿತು. ಅಲ್ಲಿ ನಿಲ್ಲಬೇಕು ಅಂತಿರುವ ಒಬ್ಬ ಹುಡುಗನ ಹೆಸರು ಬಂತು. ಬಿ.ಎ. ಪಾಸು ಮಾಡಿದವನು, ನಮ್ಮ ಕೇರಿಯವನು. ಅವನು ಏನು ಮಾಡ್ತಾನೆ ಅಂತ ಇಬ್ಬರೂ ಕೇಳಲಿಲ್ಲ. "ಅವರಪ್ಪ ಏನ್ ಮಾಡ್ತಿದ್ದ?" ಅಂತ ಕೇಳಿದರು. "ತಮಟೆ ಬಡೀತಿದ್ದ" ಅಂತ ಉತ್ತರ ಬಂತು. ಇಬ್ಬರೂ ನಕ್ಕರು. ಶಾಂತಿಗ್ರಾಮ ಬಂತು, ನಾವು ಇಳಿದೆವು.

ಸಭೆಯ ವ್ಯವಸ್ಥೆ ಮಾಡಿದ ಗೆಳೆಯರು ನಮಗೆ ಕೊಟ್ಟಿರುವ ವಿಷಯವೂ ಅದೇ ಆಗಿದೆ. ದೇಶ ಆಳಲು ಬರುವವನು ಹಿಂದೆ ಯಾವ ವೃತ್ತಿಯಲ್ಲಿದ್ದ ಅನ್ನುವುದನ್ನು ನೋಡಿ, ಮುಂದೆ ಅವನು ಒಳ್ಳೆಯ ನಾಯಕನಾಗುತ್ತಾನೋ ಇಲ್ಲವೋ ಹೇಳಬಹುದೆ? ಇದು ಬರೀ ಚರ್ಚಾಸ್ಪರ್ಧೆಯ ವಿಷಯ ಆಗಿದ್ದರೆ ನಾವು ಬರುತ್ತಿರಲಿಲ್ಲ. ಸಭೆ ಶುರುವಾಗುವ ಮುಂಚೆ ಅರಕಲಗೂಡು ಕಡೆಯ ಒಬ್ಬ ಹುಡುಗ ನಮ್ಮ ಕೈಗೆ ಚೀಟಿ ಕೊಟ್ಟ. "ಅಣ್ಣ, ನಾನು ಲಾ ಓದ್ತಿದ್ದೀನಿ. ಮನೇಲಿ ಕೆ.ಎ.ಎಸ್. ಬರಿ ಅಂತಾರೆ. ನೀವು ಸಂಘಟನೆಗೆ ಬಾ ಅಂತೀರ. ನಮ್ಮ ಜನಕ್ಕೆ ಲೀಡರ್ ಆಗೋನು ಮೊದಲು ಏನಾಗಿರಬೇಕು?" ಅಂತ ಅದರಲ್ಲಿ ಬರೆದಿದ್ದ. ಹೆಸರು ಬರೆದಿರಲಿಲ್ಲ. ಈ ಚೀಟಿಗೋಸ್ಕರ ಮಾತಾಡುತ್ತಿದ್ದೇವೆ.

ಮೊದಲು ಒಂದು ಮಾತು. ಬೇರೆ ದೇಶಗಳಲ್ಲಿ ವೃತ್ತಿ ಅಂದರೆ ಮನುಷ್ಯ ಕಲಿತದ್ದು, ಆರಿಸಿಕೊಂಡದ್ದು. ನಮ್ಮಲ್ಲಿ ಕಸುಬು ಅಂದರೆ ಜಾತಿ. ತೋಟಿ, ತಳವಾರ, ನೀರಗಂಟಿ, ಇವು ಕೆಲಸದ ಹೆಸರೋ ಕುಲದ ಹೆಸರೋ ಅಂತ ನಿಮ್ಮ ತಾತಂದಿರನ್ನು ಕೇಳಿ. ಅಪ್ಪ ಸತ್ತರೆ ಮಗ ತೋಟಿ. ಅರ್ಜಿ ಇಲ್ಲ, ಇಂಟರ್‌ವ್ಯೂ ಇಲ್ಲ, ರಾಜೀನಾಮೆಯೂ ಇಲ್ಲ. ಈ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾನೂನು ನಮ್ಮ ರಾಜ್ಯದಲ್ಲಿ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಕಾನೂನು ಹುದ್ದೆಯನ್ನು ರದ್ದು ಮಾಡಿತು, ಬಸ್ಸಿನ ನಗೆಯನ್ನು ರದ್ದು ಮಾಡಲಿಲ್ಲ. ಆದ್ದರಿಂದ ಅಭ್ಯರ್ಥಿಯ ಹಿನ್ನೆಲೆ ಏನು ಅಂತ ಯಾರಾದರೂ ದೊಡ್ಡ ದನಿಯಲ್ಲಿ ಕೇಳಿದಾಗ ನಾವು ಸ್ವಲ್ಪ ಹುಷಾರಾಗಿರಬೇಕು. ಲಾಯರ್ ಮಗ ಲಾಯರ್ ಆಗಿದ್ದರೆ ಅದು ಅನುಭವ. ಕೂಲಿ ಮಗ ಲಾಯರ್ ಆದರೂ ಅವನಿಗೆ ಅವರಪ್ಪನ ಕೂಲಿಯೇ ಹಿನ್ನೆಲೆ.

ದೂರ ಹೋಗುವುದು ಬೇಡ. ಈ ಪ್ರಶ್ನೆಗೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದರು. ಸಣ್ಣಪುಟ್ಟ ಕಂಟ್ರಾಕ್ಟ್ ಕೆಲಸ ಮಾಡಿದರು. ಸಹಕಾರ ಸಂಘದ ಅಧ್ಯಕ್ಷರಾದರು, ತಾಲೂಕು ಬೋರ್ಡಿಗೆ ಬಂದರು. 1962ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಗೆ ಹೋದರು. ಅರಸು ಮುಖ್ಯಮಂತ್ರಿ ಆಗಿದ್ದಾಗ ಇವರು ವಿರೋಧ ಪಕ್ಷದ ನಾಯಕರು. ತುರ್ತು ಪರಿಸ್ಥಿತಿಯಲ್ಲಿ ಜೈಲು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ಕ್ಕೆ ಪ್ರಧಾನಮಂತ್ರಿ.

ಆವಾಗ ದೆಹಲಿಯ ದೊಡ್ಡ ಪತ್ರಿಕೆಗಳು ಹೇಗೆ ನಕ್ಕವು ಅಂತ ಆ ಕಾಲದವರಿಗೆ ನೆನಪಿದೆ. ಡಿಪ್ಲೊಮಾ ಓದಿದವನಂತೆ, ಕಂಟ್ರಾಕ್ಟರಂತೆ, ಹಿಂದಿ ಬಾರದಂತೆ, ಸಭೆಯಲ್ಲಿ ನಿದ್ದೆ ಮಾಡುತ್ತಾನಂತೆ. ಆ ನಗೆ ನಮಗೆ ಹೊಸದಲ್ಲ, ಬಸ್ಸಿನಲ್ಲಿ ಕೇಳಿದ್ದೂ ಅದೇ ನಗೆ. ದೆಹಲಿಯ ಇಂಗ್ಲಿಷ್ ಕಲಿತ ಬ್ರಾಹ್ಮಣ ಹಾಸನದ ಒಕ್ಕಲಿಗನನ್ನು ನೋಡಿ ನಗುತ್ತಾನೆ, ಆ ಒಕ್ಕಲಿಗನ ಊರಿನವನು ನಮ್ಮ ಕೇರಿ ಹುಡುಗನನ್ನು ನೋಡಿ ನಗುತ್ತಾನೆ. ಮೆಟ್ಟಿಲು ಬೇರೆ, ಅಷ್ಟೆ.

ಆದರೆ ಆ ಕಂಟ್ರಾಕ್ಟರ್ ಏನು ಮಾಡಿದರು? ನ್ಯಾಯವಾಗಿ ಹೇಳಬೇಕು. ನೀರು, ಕಾಲುವೆ, ಸೇತುವೆ, ಇವು ಅವರಿಗೆ ಗೊತ್ತಿದ್ದ ವಿಷಯ. 1980ರ ದಶಕದಲ್ಲಿ ಹೆಗಡೆಯವರ ಮಂತ್ರಿಮಂಡಲದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿ ಆಗಿದ್ದಾಗ ನೀರಾವರಿಗೆ ಕೊಟ್ಟ ಹಣ ಸಾಲದು ಅಂತ ರಾಜೀನಾಮೆ ಕೊಟ್ಟು ಹೊರಗೆ ಬಂದವರು ಅವರು. ಪ್ರಧಾನಿ ಆದ ಮೇಲೂ ಅವರ ಹೆಸರಿನಲ್ಲಿ ಉಳಿದಿರುವ ದೊಡ್ಡ ಕೆಲಸ ನೀರಿನದೇ. 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರು ಹಂಚಿಕೆಗೆ 30 ವರ್ಷದ ಒಪ್ಪಂದ ಆಯಿತು. ದೊಡ್ಡ ದೊಡ್ಡ ಬ್ಯಾರಿಸ್ಟರುಗಳು ಎಳೆದಾಡಿದ ಜಗಳ ಅದು. ಅಸ್ಸಾಮಿನಲ್ಲಿ ಬ್ರಹ್ಮಪುತ್ರಕ್ಕೆ ಬೋಗಿಬೀಲ್ ಸೇತುವೆಯ ಶಂಕುಸ್ಥಾಪನೆ 1997ರ ಜನವರಿಯಲ್ಲಿ ಅವರ ಕೈಯಿಂದ ಆಯಿತು. ಸೇತುವೆ ತೆರೆದದ್ದು 2018ರಲ್ಲಿ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂರನೇ ಒಂದು ಭಾಗ ಸ್ಥಾನ ಕೊಡುವ ಮಸೂದೆ ಮೊದಲು ಸದನಕ್ಕೆ ಬಂದದ್ದು ಅವರ ಸರ್ಕಾರದಲ್ಲಿ, 1996ರ ಸೆಪ್ಟೆಂಬರಿನಲ್ಲಿ. ಅದು ಪಾಸಾದದ್ದು 2023ಕ್ಕೆ.

ಅಂದರೆ ಹಿಂದೆ ಮಾಡಿದ ಕೆಲಸ ಒಂದು ವಿಷಯವನ್ನು ಹೇಳುತ್ತದೆ. ಮನುಷ್ಯನ ಕಣ್ಣು ಮೊದಲು ಎತ್ತ ಹೋಗುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಕಾಲುವೆ ತೋಡಿಸಿದವನ ಕಣ್ಣು ನೀರಿನ ಕಡೆಗೆ, ಮೇಷ್ಟ್ರ ಕಣ್ಣು ಶಾಲೆಯ ಕಡೆಗೆ. ಇದು ಸುಳ್ಳಲ್ಲ. ಆದರೆ ಕಣ್ಣು ಹೋಗದ ಕಡೆಯೂ ಇದೆ. ಅವರನ್ನು ಮಣ್ಣಿನ ಮಗ ಅಂತ ಕರೆದರು. ನಮ್ಮ ಅವ್ವಂದಿರು ಅದೇ ಮಣ್ಣಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ನಾಟಿ ಹಾಕಿದವರು. ಅವರನ್ನು ಯಾರೂ ಮಣ್ಣಿನ ಮಕ್ಕಳು ಅಂತ ಕರೆಯಲಿಲ್ಲ. ಮಣ್ಣಿನ ಮಗನಾಗಲು ಪಹಣಿಯಲ್ಲಿ ಹೆಸರಿರಬೇಕು ಅಂತ ಕಾಣುತ್ತದೆ! 2015ರಲ್ಲಿ ಅದೇ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಕಾಲಿಟ್ಟರು ಅಂತ ದಂಡ ಹಾಕಿದರು. ಆ ತಾಲೂಕಿನಿಂದ ಒಬ್ಬರು ಪ್ರಧಾನಿ ಆಗಿ ಹತ್ತೊಂಬತ್ತು ವರ್ಷ ಆಗಿತ್ತು. ಇದಕ್ಕೆ ಅವರೊಬ್ಬರನ್ನು ಹೊಣೆ ಮಾಡುವುದು ನಮ್ಮ ಉದ್ದೇಶವಲ್ಲ. ಡಿಪ್ಲೊಮಾ ಮಾಡಿದ್ದರೂ, ಡಾಕ್ಟರೇಟ್ ಮಾಡಿದ್ದರೂ, ಆ ಗುಡಿಯ ಹೊಸ್ತಿಲ ಬಗ್ಗೆ ವೃತ್ತಿ ಯಾರಿಗೂ ಏನೂ ಕಲಿಸುವುದಿಲ್ಲ ಅಂತ ಹೇಳುತ್ತಿದ್ದೇವೆ.

ಈಗ ಮುಖ್ಯವಾದ ಮಾತಿಗೆ ಬರೋಣ. ದೇವೇಗೌಡರ ಸರ್ಕಾರ ಹನ್ನೊಂದು ತಿಂಗಳು ತುಂಬಲಿಲ್ಲ. 1997ರ ಏಪ್ರಿಲ್ 11ಕ್ಕೆ ಲೋಕಸಭೆಯಲ್ಲಿ ವಿಶ್ವಾಸಮತ ಸೋತರು. ಕಂಟ್ರಾಕ್ಟರ್ ಆಗಿದ್ದರಿಂದ ಸೋತರೆ? ಹಿಂದಿ ಬಾರದ್ದರಿಂದ ಸೋತರೆ? ಲೆಕ್ಕ ನೋಡಿ. ಅವರ ಜನತಾದಳಕ್ಕೆ ಇದ್ದದ್ದು 46 ಸೀಟು. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ಸಿಗೆ 140. ಕಾಂಗ್ರೆಸ್ ಕೈ ತೆಗೆಯಿತು, ಸರ್ಕಾರ ಬಿತ್ತು.

ಇದು ಒಬ್ಬರ ಕಥೆಯಲ್ಲ. 1979ರಲ್ಲಿ ಚರಣ್ ಸಿಂಗ್ ಪ್ರಧಾನಿ ಆದರು. ವಕೀಲಿ ಮಾಡಿದವರು, ಹೊಲದ ವಿಷಯ ಬಲ್ಲವರು. ಕಾಂಗ್ರೆಸ್ಸು ಬೆಂಬಲ ತೆಗೆಯಿತು, ಲೋಕಸಭೆಯನ್ನು ಎದುರಿಸದೆಯೇ ಇಳಿದರು. 1990ರಲ್ಲಿ ಚಂದ್ರಶೇಖರ್ ಬಂದರು. ಸಮಾಜವಾದಿ ಕಾರ್ಯಕರ್ತರು, ಪತ್ರಿಕೆ ನಡೆಸಿದವರು. ಅವರೂ ಕೆಲವೇ ತಿಂಗಳಲ್ಲಿ ರಾಜೀನಾಮೆ. ದೇವೇಗೌಡರ ನಂತರ ಗುಜ್ರಾಲ್ ಬಂದರು. ಮಾಸ್ಕೋದಲ್ಲಿ ರಾಯಭಾರಿ ಆಗಿದ್ದವರು, ನಯವಾದ ಮಾತಿನವರು. ಕಾಂಗ್ರೆಸ್ಸು ಅವರನ್ನೂ ಕೆಡವಿತು. ಒಬ್ಬ ವಕೀಲ, ಒಬ್ಬ ಪತ್ರಿಕೆಯವ, ಒಬ್ಬ ಕಂಟ್ರಾಕ್ಟರ್, ಒಬ್ಬ ರಾಯಭಾರಿ. ನಾಲ್ಕು ವೃತ್ತಿ, ಒಂದೇ ಗತಿ. ನಾಲ್ವರದೂ ಅನ್ನದ ತಟ್ಟೆ ಇನ್ನೊಬ್ಬನ ಕೈಯಲ್ಲಿತ್ತು.

ನಮ್ಮ ಜನಕ್ಕೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜೀತಕ್ಕಿದ್ದವನು ಎಷ್ಟೇ ಬುದ್ಧಿವಂತನಾದರೂ ಗೌಡರ ಮುಂದೆ ಏನು ಹೇಳಬಲ್ಲ? ಅವನಿಗೆ ಮಾತು ಬರುವುದಿಲ್ಲ ಅಂತಲ್ಲ. ರಾತ್ರಿಯ ಮುದ್ದೆ ಎಲ್ಲಿಂದ ಬರುತ್ತದೆ ಅಂತ ಗೊತ್ತಿರುವುದರಿಂದ ಬಾಯಿ ಮುಚ್ಚಿರುತ್ತಾನೆ. ಹಾಗಾಗಿ ಅಭ್ಯರ್ಥಿ ಯಾವ ಕೆಲಸ ಮಾಡ್ತಿದ್ದ ಅನ್ನುವುದಕ್ಕಿಂತ, ಆ ಕೆಲಸದಲ್ಲಿ ಯಾರ ಕೈ ಅನ್ನ ತಿಂದ, ಅವರಿಗೂ ಜನಕ್ಕೂ ಜಗಳ ಬಿದ್ದ ದಿನ ಎತ್ತ ನಿಂತ ಅಂತ ಕೇಳಬೇಕು.

ಬಾಬಾಸಾಹೇಬರು ಇದನ್ನು ತಮ್ಮ ಮೈಮೇಲೆ ಅನುಭವಿಸಿ ಕಂಡುಕೊಂಡರು. 1917ರಲ್ಲಿ ಅವರು ಬರೋಡ ಸಂಸ್ಥಾನದ ನೌಕರಿಗೆ ಹೋದರು. ಆ ಹೊತ್ತಿಗೆ ಅಮೆರಿಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದರು. ಕಚೇರಿಯ ಜವಾನರು ಅವರ ಮೇಜಿಗೆ ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಊರಿನಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಹೆಸರು ಮರೆಸಿ ಉಳಿದಿದ್ದ ಪಾರ್ಸಿ ವಸತಿಗೃಹದಿಂದಲೂ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ವೃತ್ತಿಯ ಘನತೆ ಅನ್ನುತ್ತಾರಲ್ಲ, ನಮ್ಮ ಪಾಲಿಗೆ ಅದರ ಅಳತೆ ಇಷ್ಟು. ಮುಂದೆ ಅವರು ವಕೀಲಿ ಹಿಡಿದರು. ಮೇಲಧಿಕಾರಿ ಇಲ್ಲ, ಸಂಬಳ ಕೊಡುವ ಧಣಿ ಇಲ್ಲ. ಕಕ್ಷಿದಾರ ಬಂದರೆ ಊಟ, ಬರದಿದ್ದರೆ ಇಲ್ಲ, ಆದರೆ ಬಾಯಿ ತಮ್ಮದು. ಆ ಬಾಯಿಯಿಂದಲೇ 1927ರಲ್ಲಿ ಮಹಾಡದ ಕೆರೆ ನೀರು ಕುಡಿದರು, ಅದೇ ವರ್ಷ ಡಿಸೆಂಬರಿನಲ್ಲಿ ಮನುಸ್ಮೃತಿ ಸುಟ್ಟರು.

ಮರುವರ್ಷ, 1928ರಲ್ಲಿ, ಅವರು ಮುಂಬಯಿ ಶಾಸನಸಭೆಯಲ್ಲಿ ತಂದ ಒಂದು ಮಸೂದೆಯನ್ನು ನೀವೆಲ್ಲ ಹುಡುಕಿ ಓದಬೇಕು. ಮಹಾರರ ವತನದ ವಿಷಯ ಅದು. ವತನ ಅಂದರೆ ನಮ್ಮ ಕಡೆಯ ತೋಟಿ ಇನಾಮಿನ ಹಾಗೆ, ಊರ ಚಾಕರಿ ಮಾಡಿಸಿಕೊಂಡು ಸ್ವಲ್ಪ ಭೂಮಿ, ಸ್ವಲ್ಪ ಕಾಳು ಕೊಡುವುದು. ಊರಿನವರು ಅದನ್ನು ದೊಡ್ಡ ಉಪಕಾರ ಅನ್ನುತ್ತಿದ್ದರು. ಬಾಬಾಸಾಹೇಬರು ಅದನ್ನು ಗುಲಾಮಗಿರಿಯ ಹಗ್ಗ ಅಂತ ಗುರುತಿಸಿದರು. ಕಣದಲ್ಲಿ ಕಾಳಿಗೆ ಕೈಯೊಡ್ಡುವವನು ಚಾವಡಿಯಲ್ಲಿ ತಲೆಯೆತ್ತಿ ನಿಲ್ಲಲಾರ ಅನ್ನುವುದು ಅವರಿಗೆ ಗೊತ್ತಿತ್ತು.

ಅವರ ಅರ್ಹತೆಗೆ ಎಣೆ ಇತ್ತೆ? ಕೊಲಂಬಿಯಾದ ಪಿಎಚ್.ಡಿ., ಲಂಡನ್ನಿನ ಡಿ.ಎಸ್ಸಿ., ಬ್ಯಾರಿಸ್ಟರ್, ಪ್ರೊಫೆಸರ್, ಮುಂಬಯಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ಕಾನೂನು ಮಂತ್ರಿ. ವೃತ್ತಿ ನೋಡಿ ನಾಯಕನನ್ನು ಆರಿಸುವುದೇ ನಿಜವಾದರೆ ಈ ದೇಶ 1952ರಲ್ಲಿ ಅವರನ್ನು ಹೆಗಲ ಮೇಲೆ ಹೊತ್ತು ತರಬೇಕಿತ್ತು. ಹಿಂದೂ ಕೋಡ್ ಬಿಲ್ಲಿಗಾಗಿ 1951ರಲ್ಲಿ ಮಂತ್ರಿಗಿರಿಯನ್ನು ಬಿಸಾಕಿ ಬಂದ ಆ ಮನುಷ್ಯನನ್ನು ಉತ್ತರ ಮುಂಬಯಿಯಲ್ಲಿ ಸೋಲಿಸಿದರು. 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲಿ ಮತ್ತೆ ಸೋಲಿಸಿದರು. ವಿದ್ಯೆ ಇದ್ದರೆ ಸಾಕು, ಜಾತಿ ತಾನಾಗೇ ಹೋಗುತ್ತದೆ ಅಂತ ಹಾಸ್ಟೆಲಿಗೆ ಬಂದು ಭಾಷಣ ಮಾಡುವವರನ್ನು ಇದರ ಬಗ್ಗೆ ಕೇಳಿ.

ಬಾಬು ಜಗಜೀವನರಾಂ ಅವರದು ಇನ್ನೊಂದು ಬಗೆ. 1946ರ ಮಧ್ಯಂತರ ಸರ್ಕಾರದಲ್ಲಿಯೇ ಮಂತ್ರಿ, 1971ರ ಯುದ್ಧದಲ್ಲಿ ರಕ್ಷಣಾ ಮಂತ್ರಿ. ಕೃಷಿ, ರೈಲ್ವೆ, ಕಾರ್ಮಿಕ, ಅವರು ನೋಡದ ಖಾತೆ ಕಡಿಮೆ. ಆಡಳಿತದ ಅನುಭವ ಬೇಕು ಅಂದರೆ ಅವರಿಗಿಂತ ಬೇರೆ ಯಾರಿದ್ದರು? 1977ರಲ್ಲಿ ಪ್ರಧಾನಿ ಪಟ್ಟ ಮೊರಾರ್ಜಿಯವರಿಗೆ ಹೋಯಿತು. 1979ರಲ್ಲಿ ಚರಣ್ ಸಿಂಗ್ ಸರ್ಕಾರ ಬಿದ್ದಾಗ ಸರದಿ ಬಂತು ಅನ್ನುವಷ್ಟರಲ್ಲಿ ರಾಷ್ಟ್ರಪತಿಗಳು ಲೋಕಸಭೆಯನ್ನೇ ವಿಸರ್ಜಿಸಿದರು. ಅವರ ರಾಜಕೀಯದ ಬಗ್ಗೆ ನಮಗೆ ತಕರಾರಿದೆ. ಕಾಂಗ್ರೆಸ್ಸಿನ ಅನ್ನವನ್ನು ಬಹಳ ಕಾಲ ತಿಂದರು, ತುರ್ತು ಪರಿಸ್ಥಿತಿಯ ಗೊತ್ತುವಳಿಯನ್ನು ಲೋಕಸಭೆಯಲ್ಲಿ ಮಂಡಿಸಿದವರೂ ಅವರೇ. ಆದರೆ ಅನುಭವ ಸಾಲದು ಅನ್ನುವ ಮಾತನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ಬೇರೆ ಮಾತು ಹುಡುಕಿದರು.

ಇದರ ಎದುರಿಗೆ ಒಬ್ಬ ರಾಜನನ್ನು ಇಡುತ್ತೇವೆ, ನಿಮಗೆ ಆಶ್ಚರ್ಯ ಆಗಬಹುದು. ವಿ.ಪಿ. ಸಿಂಗ್ ಮಾಂಡಾ ಸಂಸ್ಥಾನಕ್ಕೆ ದತ್ತು ಹೋದವರು. ಹಿನ್ನೆಲೆ ನೋಡಿದರೆ ನಮಗೂ ಅವರಿಗೂ ಯಾವ ಸಂಬಂಧ? ಆದರೆ 1990ರ ಆಗಸ್ಟಿನಲ್ಲಿ ಮಂಡಲ್ ವರದಿಯನ್ನು ಜಾರಿಗೆ ತಂದವರು ಅವರು. ಬಾಬಾಸಾಹೇಬರಿಗೆ ಭಾರತರತ್ನ ಕೊಟ್ಟದ್ದು, ಬೌದ್ಧರಾದ ನಮ್ಮ ಜನಕ್ಕೂ ಮೀಸಲಾತಿ ಮುಂದುವರಿಸಿದ್ದು ಅದೇ 1990ರಲ್ಲಿ. ಅವರದೂ ಹೊರಗಿನ ಬೆಂಬಲದ ಸರ್ಕಾರ, ಹನ್ನೊಂದು ತಿಂಗಳಿಗೆ ಬಿತ್ತು. ಇವರು ಸೋತರೋ ಗೆದ್ದರೋ? ಕುರ್ಚಿಯ ಲೆಕ್ಕದಲ್ಲಿ ಸೋತರು. 1992ರಲ್ಲಿ ಸುಪ್ರೀಂ ಕೋರ್ಟು ಹಿಂದುಳಿದವರ 27 ಶೇಕಡಾ ಮೀಸಲಾತಿಯನ್ನು ಎತ್ತಿಹಿಡಿಯಿತು. ರಾಜೀವ್ ಗಾಂಧಿ ವಿಮಾನ ಹಾರಿಸುತ್ತಿದ್ದವರು. 1984ರಲ್ಲಿ 400ಕ್ಕೂ ಹೆಚ್ಚು ಸೀಟು ಬಂದಿತ್ತು, ಐದು ವರ್ಷ ಯಾರ ಹಂಗೂ ಇರಲಿಲ್ಲ, ಮಂಡಲ್ ವರದಿ ಕಪಾಟಿನಲ್ಲೇ ಇತ್ತು. ಆದ್ದರಿಂದ ಯಶಸ್ಸು ಅನ್ನುವ ಮಾತನ್ನೂ ಅಳೆದು ನೋಡಬೇಕು. ಯಾರ ಯಶಸ್ಸು? ಯಾರ ಮನೆಗೆ ಬಂತು?

ನಮ್ಮ ರಾಜ್ಯದ ಅರಸು ಕೂಡ ಅಷ್ಟೆ. ಬಿ.ಎಸ್ಸಿ. ಓದಿ ಹುಣಸೂರಿನ ಕಲ್ಲಹಳ್ಳಿಗೆ ವಾಪಸು ಬಂದು ಬೇಸಾಯಕ್ಕೆ ನಿಂತವರು. ಭೂಮಿ ಇದ್ದವರು 1974ರಲ್ಲಿ ಭೂಸುಧಾರಣೆ ತಂದರು, ಉಳುವ ಗೇಣಿದಾರನಿಗೆ ಹೊಲ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿಯಾಗಿದ್ದ ನಮ್ಮವರಿಗೆ ಬಂದದ್ದು ಕಡಿಮೆ, ಇದನ್ನು ನಾವು ಆಗಲೂ ಹೇಳಿದ್ದೇವೆ, ಈಗಲೂ ಹೇಳುತ್ತೇವೆ. ಆದರೆ ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಮೋಸದಿಂದ ಬರೆಸಿಕೊಂಡವರಿಂದ ವಾಪಸು ಕೊಡಿಸುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯೂ ಅವರ ಕಾಲದ್ದೇ. ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ವಕೀಲರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅನ್ನುವ ಒಂದು ಮಾತಾಡಿದ್ದಕ್ಕೆ ಊರೂರಲ್ಲಿ ಗಲಾಟೆ ಎದ್ದಿತು, ಹಾಸ್ಟೆಲಿನ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಹಾಗೆ ಏಟು ತಿಂದ ಹಾಸ್ಟೆಲುಗಳ ಒಳಗಿಂದಲೇ ನಮ್ಮ ಸಂಘಟನೆ ಬೆಳೆಯಿತು. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಅದನ್ನು ಕಟ್ಟಿದರು. ಮೇಷ್ಟ್ರು ಕಟ್ಟಿದರು ಅಂತ ಮೇಷ್ಟ್ರುಗಳೆಲ್ಲ ಕಟ್ಟಲಿಲ್ಲ.

ಹೊರದೇಶದ್ದು ಒಂದೆರಡು ಹೇಳಿ ಮುಗಿಸುತ್ತೇವೆ. ಅಮೆರಿಕದ ಹೂವರ್ ಹೆಸರಾಂತ ಗಣಿ ಇಂಜಿನಿಯರ್. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಜನಕ್ಕೆ ಅನ್ನ ಮುಟ್ಟಿಸಿದ ಸಂಘಟಕ. 1929ರಲ್ಲಿ ಅಧ್ಯಕ್ಷನಾದ, ಅದೇ ವರ್ಷ ಮಾರುಕಟ್ಟೆ ಕುಸಿಯಿತು. ಕೆಲಸ ಕಳೆದುಕೊಂಡ ಜನ ತಗಡು, ರಟ್ಟಿನ ಗುಡಿಸಲು ಹಾಕಿಕೊಂಡು ಆ ಗುಡಿಸಲ ಸಾಲುಗಳಿಗೆ ಅವನ ಹೆಸರನ್ನೇ ಇಟ್ಟರು. ಬ್ರೆಜಿಲಿನ ಲೂಲಾ ಲೇತ್ ಮೆಷಿನ್ ಕೆಲಸಗಾರ, ಕಾರ್ಖಾನೆಯಲ್ಲಿ ಒಂದು ಬೆರಳು ಕಳೆದುಕೊಂಡವನು. ಮೂರು ಸಲ ಸೋತು 2002ರಲ್ಲಿ ಗೆದ್ದ, 2022ರಲ್ಲಿ ಮತ್ತೆ ಗೆದ್ದ. ನಮ್ಮ ಮನಮೋಹನ್ ಸಿಂಗ್ ದೊಡ್ಡ ಅರ್ಥಶಾಸ್ತ್ರಜ್ಞರು, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಹತ್ತು ವರ್ಷ ಆಳಿದರು, ಲೋಕಸಭೆಯ ಒಂದು ಚುನಾವಣೆ ಗೆಲ್ಲಲಿಲ್ಲ. ಅವರ ಕಾಲದಲ್ಲಿ ನಮ್ಮ ಕೇರಿಗೆ ಬಂದದ್ದು 2005ರ ಉದ್ಯೋಗ ಖಾತ್ರಿ ಕಾನೂನು. ಅದು ಅರ್ಥಶಾಸ್ತ್ರದ ಪುಸ್ತಕದಿಂದ ಬರಲಿಲ್ಲ. ರಾಜಸ್ಥಾನದ ಬರಗಾಲದ ಕೂಲಿಗಳು ವರ್ಷಗಟ್ಟಲೆ ಕೇಳಿದರು, ಹೊರಗಿನಿಂದ ಬೆಂಬಲ ಕೊಟ್ಟಿದ್ದ ಎಡಪಕ್ಷಗಳು ಒತ್ತಿದವು, ಬಂತು. ಅಂದರೆ ನಾಯಕನ ಅನ್ನದ ತಟ್ಟೆಗೆ ಜನವೂ ಕೈ ಹಾಕಿ ಹಿಡಿಯಬಹುದು.

ಒಂದು ಚಿಕ್ಕ ಕಥೆ. ನಮ್ಮ ಕಡೆಯ ಒಂದು ಪಂಚಾಯ್ತಿ, ಊರ ಹೆಸರು ಬೇಡ. ಮೀಸಲು ಬಂದು ನಮ್ಮ ಒಬ್ಬ ಅಕ್ಕ ಅಧ್ಯಕ್ಷೆ ಆದರು. ಅಕ್ಷರ ಕೂಡಿಸಿ ಓದುತ್ತಾರೆ, ಅಷ್ಟೆ. ಬೆಳಿಗ್ಗೆ ಅದೇ ಪಂಚಾಯ್ತಿಯ ಒಬ್ಬ ಮೆಂಬರನ ತೋಟದಲ್ಲಿ ಕೂಲಿ, ಮಧ್ಯಾಹ್ನ ಅದೇ ಮೆಂಬರನ ಪಕ್ಕ ಅಧ್ಯಕ್ಷರ ಕುರ್ಚಿ. ಅವನು ಬೆರಳು ತೋರಿಸಿದ ಕಡೆ ಸೈನು. ಕೂಲಿ ಮಾಡೋಳಿಗೆ ಆಡಳಿತ ಏನು ಗೊತ್ತು ಅಂತ ಊರೆಲ್ಲ ಮಾತು. ಆ ಅಕ್ಕ ಒಂದು ವರ್ಷದ ಮೇಲೆ ಸಾಲ ಮಾಡಿ ಎರಡು ಹಸು ಕಟ್ಟಿದರು. ಡೈರಿಯಲ್ಲಿ ಮೊದಮೊದಲು ಇವರ ಹಾಲಿಗೆ ಡಿಗ್ರಿ ಬರೋಲ್ಲ ಅಂತ ವಾಪಸು ಕಳಿಸಿದರು. ಇವರು ಅಳೆಯುವ ಕಡ್ಡಿಯನ್ನು ಎಲ್ಲರ ಮುಂದೆ ಅದ್ದಿ ತೋರಿಸಿ ಅಂತ ನಿಂತರು, ಡಿಗ್ರಿ ಬಂತು. ಹಾಲಿನ ಬಟವಾಡೆ ಕೈಗೆ ಸಿಕ್ಕಿದ ಮೇಲೆ ತೋಟದ ಕೂಲಿ ಬಿಟ್ಟರು. ಮುಂದಿನ ಮೀಟಿಂಗಿನಲ್ಲಿ ನಡಾವಳಿ ಪುಸ್ತಕವನ್ನು ಮುಂದಕ್ಕೆ ತಳ್ಳಿ, "ಓದಿ ಹೇಳಿ, ಆಮೇಲೆ ಸೈನ್ ಹಾಕ್ತೀನಿ" ಅಂದರು. ಅವರ ಓದು ಜಾಸ್ತಿ ಆಗಿರಲಿಲ್ಲ. ಊಟ ಎಲ್ಲಿಂದ ಬರುತ್ತದೆ ಅನ್ನುವುದು ಬದಲಾಗಿತ್ತು.

ಈಗ ಚೀಟಿ ಕೊಟ್ಟ ಹುಡುಗನಿಗೆ. ಸರ್ಕಾರಿ ನೌಕರಿ ಸೇರಿದವನು ರಾಜಕೀಯ ಮಾಡುವ ಹಾಗಿಲ್ಲ, ನಿಯಮಾವಳಿ ಇದೆ. ಕಾನ್ಶಿರಾಂ ಅವರು ಪುಣೆಯಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಅಂಬೇಡ್ಕರ್ ಜಯಂತಿಯ ರಜೆ ತೆಗೆದುಹಾಕಿದ ಜಗಳದಿಂದ ಶುರುವಾಗಿ ಕೊನೆಗೆ ನೌಕರಿಯನ್ನೇ ಬಿಟ್ಟರು. ಆದರೆ ನೌಕರರನ್ನು ಬಿಡಲಿಲ್ಲ. 1978ರಲ್ಲಿ ಅವರಿಗೆಂದೇ ಬಾಮ್ಸೆಫ್ ಕಟ್ಟಿ, ನೀವು ಬಾಯಿ ತೆರೆಯಲಾಗದಿದ್ದರೆ ಸಂಬಳದಲ್ಲಿ ಒಂದು ಪಾಲನ್ನು ಸಮಾಜಕ್ಕೆ ವಾಪಸು ಕೊಡಿ ಅಂದರು. 1984ರಲ್ಲಿ ಪಕ್ಷ ಕಟ್ಟಿದರು. ದೆಹಲಿಯಲ್ಲಿ ಶಾಲಾ ಟೀಚರ್ ಆಗಿದ್ದು ಐ.ಎ.ಎಸ್.ಗೆ ಓದುತ್ತಿದ್ದ ಮಾಯಾವತಿಯವರ ಮನೆಗೆ ಹೋಗಿ, ಕಲೆಕ್ಟರುಗಳು ನಿನ್ನ ಮುಂದೆ ಫೈಲು ಹಿಡಿದು ನಿಲ್ಲುವ ಹಾಗೆ ಮಾಡುತ್ತೇನೆ ಬಾ ಅಂದರಂತೆ. 1995ರಲ್ಲಿ ಆ ಟೀಚರು ಉತ್ತರ ಪ್ರದೇಶದ ಮುಖ್ಯಮಂತ್ರಿ. ಆ ಸರ್ಕಾರವೂ ಬಿಜೆಪಿಯ ಬೆಂಬಲದ ಮೇಲೆ ನಿಂತಿತ್ತು, ಕೆಲವೇ ತಿಂಗಳು. ಸ್ವಂತ ಬಹುಮತ ಬಂದ 2007ರಲ್ಲಿ ಮಾತ್ರ ಪೂರ್ತಿ ಐದು ವರ್ಷ.

ಹಾಗಂತ ಎಲ್ಲರೂ ಓದು ಬಿಟ್ಟು ಬನ್ನಿ ಅಂತ ಹೇಳುವಷ್ಟು ನಿರ್ದಯಿಗಳಲ್ಲ ನಾವು. ನಿಮ್ಮ ಅಪ್ಪ ಅವ್ವ ಏನು ಅಡ ಇಟ್ಟು ನಿಮ್ಮನ್ನು ಕಳಿಸಿದ್ದಾರೆ ಅಂತ ನಮಗೆ ಗೊತ್ತು. ನಮ್ಮಲ್ಲಿ ತಹಶೀಲ್ದಾರರೂ ಬೇಕು, ಡಾಕ್ಟರೂ ಬೇಕು. ಹಗಲು ಸಂಬಳ, ರಾತ್ರಿ ಸಂಘಟನೆ ಅಂತ ಎರಡನ್ನೂ ಹಿಡಿದವರು ಕೆಲವರು ಎರಡನ್ನೂ ಚೆನ್ನಾಗಿ ಮಾಡಿದರು, ಕೆಲವರು ವರ್ಗಾವಣೆಗೆ ಹೆದರಿ ಎರಡನ್ನೂ ಬಿಟ್ಟರು. ಮುಂಚೆಯೇ ಗೊತ್ತಿರಲಿ ಅಂತ ಹೇಳಿದೆವು.

ಆ ಹುಡುಗನನ್ನು ಸಭೆಗೆ ಮುಂಚೆಯೇ ಹುಡುಕಿ ಟೀ ಅಂಗಡಿಗೆ ಕರೆದುಕೊಂಡು ಹೋಗಿದ್ದೆವು. ಕೆ.ಎ.ಎಸ್. ಬರಿ, ಬೇಡ ಅನ್ನಲ್ಲ, ಲಾ ಮಾತ್ರ ಮುಗಿಸು, ಸನದು ತಗೊ ಅಂದೆವು. ಅವನೂರಲ್ಲಿ ನಮ್ಮವರ ಆರು ಮನೆಯ ಮಂಜೂರಿ ಜಮೀನು ಬೇರೆಯವರ ಕೈಯಲ್ಲಿದೆಯಂತೆ. ತುಂಬ ವರ್ಷ ಆಯಿತು, ಇನ್ನು ಕೇಸು ನಿಲ್ಲೋಲ್ಲ ಅಂತ ಊರಲ್ಲಿ ಹೆದರಿಸಿದ್ದಾರೆ. ತಡ ಆಯಿತು ಅನ್ನುವ ನೆಪವನ್ನು ತೆಗೆಯಲೆಂದೇ 2023ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಗೆ ತಿದ್ದುಪಡಿ ಬಂದಿದೆ ಕಣಪ್ಪ, ಗೊತ್ತಾ ಅಂದರೆ ಗೊತ್ತಿಲ್ಲ ಅಂದ. ಲಾ ಓದುವವನಿಗೆ ಗೊತ್ತಿಲ್ಲ! ನಾಚಿಕೊಂಡ. ಎ.ಸಿ. ಕಚೇರಿಗೆ ಅರ್ಜಿ ಬರೆಯುವುದನ್ನು ಕಲಿಸ್ತೀವಿ, ಬರುವ ಭಾನುವಾರ ಸಾಗುವಳಿ ಚೀಟಿಯ ನಕಲು ತಾ ಅಂದೆವು. ಮೂಲ ಚೀಟಿ ಒಬ್ಬ ಮುದುಕಿಯ ಟ್ರಂಕಿನಲ್ಲಿದೆ, ಅವರು ಯಾರಿಗೂ ಕೊಡೋಲ್ಲ ಅಂದ. ಕೊಡಬೇಡ ಅಂತಲೇ ಹೇಳು, ನೀನು ಅವರನ್ನೇ ಕರ್ಕೊಂಡು ಬಾ ಅಂದೆವು.